ಗುಟ್ಟು ಬಯಲಾದ ಮೇಲೆ

ಕೋಳಿ ಕೊಯ್ಯುವುದನ್ನು ಕಂಡರೂ ಮುಖ ತಿರುಗಿಸುವ ಸೌಮ್ಯ ಸ್ವಭಾವದ ಜನ, ರಾತ್ರಿಯ ಊಟ ಮುಗಿಸಿ, ಮನೆಮಂದಿಯೊಡನೆ ಜಪಸರದ ಪ್ರಾರ್ಥನೆಯನ್ನೂ ಮುಗಿಸಿ, ಅನಂತರ ನಿಶ್ಚಿಂತೆಯಿಂದ ಒಂದು ಕೊಲೆಯ ಕಥೆಯನ್ನು ಬಿಡಿಸಿಕೊಂಡು ಕೂರುತ್ತಾರೆ. ಇದು ವಿಚಿತ್ರವಲ್ಲವೇ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ನಡೆದುಬಂದ ವಾಡಿಕೆ. ಎನ್. ನರಸಿಂಹಯ್ಯನವರ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆ ಗ್ರಂಥಾಲಯಗಳಿಂದ ತಂದು ಓದಿದ ಕನ್ನಡಿಗರಿಗೆ ಈ ರುಚಿ ಹೊಸದೇನೂ ಅಲ್ಲ. ಆದರೆ ಈ ಬಗೆಯ ಸಾಹಿತ್ಯ ಅತ್ಯಂತ ಸೊಂಪಾಗಿ ಬೆಳೆದ ನೆಲ ಇಂಗ್ಲೆಂಡ್. ಷರ್ಲಾಕ್ ಹೋಮ್ಸ್, ಹರ್ಕ್ಯೂಲ್ ಪ್ವಾರೊ, ಮಿಸ್ ಮಾರ್ಪಲ್, ಲಾರ್ಡ್ ಪೀಟರ್ ವಿಮ್ಸಿ, ಫಾದರ್ ಬ್ರೌನ್ – ಇವರೆಲ್ಲರೂ ಮೊದಲು ಪುಸ್ತಕಗಳಲ್ಲಿ ಹುಟ್ಟಿ, ಬಳಿಕ ಸಿನಿಮಾ ತೆರೆಯನ್ನೂ ದೂರದರ್ಶನದ ಪರದೆಯನ್ನೂ ಏರಿ, ಈಗ ನಮ್ಮ ಮಕ್ಕಳ ಕೈಯಲ್ಲಿರುವ ಫೋನುಗಳಲ್ಲೂ ಮನೆಮಾಡಿದ್ದಾರೆ.

ಈ ಕಥೆಗಳನ್ನು ಓದಬಹುದೇ, ನೋಡಬಹುದೇ ಎಂಬ ಸಂಕೋಚ ನಿಮ್ಮಲ್ಲಿ ಕೆಲವರಿಗೆ ಇದ್ದೀತು. ಆ ಸಂಕೋಚಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಅದಕ್ಕಿಂತ ಆಳವಾದ ಇನ್ನೊಂದು ಪ್ರಶ್ನೆಯಿದೆ. ಕೊಲೆಗಾರ ಯಾರೆಂದು ತಿಳಿದ ಕ್ಷಣದಲ್ಲಿ ನಮಗೆ ಒಂದು ನೆಮ್ಮದಿ ದೊರೆಯುತ್ತದೆ. ಆ ನೆಮ್ಮದಿ ಎಂಥದು? ಗುಟ್ಟು ಬಯಲಾದ ಮೇಲೆ, ಸಿಕ್ಕಿಬಿದ್ದ ಮನುಷ್ಯನನ್ನು ಏನು ಮಾಡಬೇಕು? ಉತ್ತಮ ಪತ್ತೇದಾರಿ ಕಥೆಯನ್ನೂ ಅದರ ಉತ್ತಮ ತೆರೆರೂಪವನ್ನೂ ಗುರುತಿಸಲು ಈ ಪ್ರಶ್ನೆಯೇ ಒರೆಗಲ್ಲು ಎಂಬುದು ಈ ಬರಹದ ವಾದ. ವಾದವನ್ನು ತೋರಿಸಲು ಕೆಲವು ಕಥೆಗಳ ಗುಟ್ಟನ್ನು ಬಿಟ್ಟುಕೊಡುವುದು ಅನಿವಾರ್ಯ. ಇನ್ನೂ ಓದದವರು ಸೈರಿಸಿಕೊಳ್ಳಬೇಕು.

ಮೊದಲು ಸಂಕೋಚದ ಮಾತು. ಪತ್ತೇದಾರಿ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದುಕೊಟ್ಟವರು ಒಬ್ಬ ಕಥೋಲಿಕ ಗುರುಗಳು. ರೊನಾಲ್ಡ್ ನಾಕ್ಸ್ ಎಂಬ ಈ ವಿದ್ವಾಂಸರು 1917ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, 1919ರಲ್ಲಿ ಗುರುದೀಕ್ಷೆ ಪಡೆದವರು. ಮುಂದೆ ಇಡೀ ಬೈಬಲನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದವರು. ಅವರೇ ಪತ್ತೇದಾರಿ ಕಾದಂಬರಿಗಳನ್ನೂ ಬರೆದರು, 1929ರಲ್ಲಿ ಆ ಕಟ್ಟಳೆಗಳನ್ನೂ ಪ್ರಕಟಿಸಿದರು. ಅಪರಾಧಿಯ ಪರಿಚಯ ಕಥೆಯ ಆರಂಭದಲ್ಲೇ ಆಗಬೇಕು. ಅತಿಮಾನುಷ ಶಕ್ತಿಗಳ ನೆರವು ಕೂಡದು. ಪತ್ತೇದಾರನು ತಾನು ಕಂಡ ಸುಳಿವನ್ನು ಓದುಗರಿಂದ ಬಚ್ಚಿಡಬಾರದು. ಅವನೇ ಅಪರಾಧ ಎಸಗಿದವನಾಗಿರಬಾರದು – ಹೀಗೆ ಸಾಗುತ್ತವೆ ಅವು. 1930ರಲ್ಲಿ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಎಂಬ ಲೇಖಕರ ಕೂಟ ಸ್ಥಾಪನೆಯಾಯಿತು. ಜಿ.ಕೆ. ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷರು. ನಾಕ್ಸ್, ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಸದಸ್ಯರು. ತಮ್ಮ ಪತ್ತೇದಾರರು ದೈವೀ ದರ್ಶನದಿಂದಲೋ ಕಾಕತಾಳೀಯದಿಂದಲೋ ಗುಟ್ಟು ಬಿಡಿಸುವುದಿಲ್ಲವೆಂದು ಇಲ್ಲಿನ ಸದಸ್ಯರು ತಮಾಷೆಯ ಗಾಂಭೀರ್ಯದಿಂದ ಪ್ರಮಾಣ ಮಾಡುತ್ತಿದ್ದರು. ಪ್ರಾರ್ಥನೆಯಲ್ಲಿ ನಂಬಿಕೆಯಿಟ್ಟ ಲೇಖಕರೇ ಹೀಗೆ ಆಣೆಯಿಟ್ಟದ್ದು ನೋಡಿ! ದೇವರು ಮನುಷ್ಯನಿಗೆ ಬುದ್ಧಿಯನ್ನು ಕೊಟ್ಟಿರುವುದು ಬಳಸುವುದಕ್ಕಾಗಿಯೇ ಎಂಬ ಶ್ರದ್ಧೆ ಆ ತಮಾಷೆಯ ಹಿಂದೆ ಇತ್ತು.

ಈ ಶ್ರದ್ಧೆಯೇ ಚೆಸ್ಟರ್ಟನ್ನರ ಮೊದಲ ಫಾದರ್ ಬ್ರೌನ್ ಕಥೆಯ ತಿರುಳು. 'ದಿ ಬ್ಲೂ ಕ್ರಾಸ್' 1910ರಲ್ಲಿ ಬೆಳಕು ಕಂಡ ಕಥೆ. ಎಸೆಕ್ಸ್ ಪ್ರಾಂತದ ಕುಳ್ಳ, ದುಂಡು ಮುಖದ ಗುರುವೊಬ್ಬರು ನೀಲಮಣಿಗಳನ್ನು ಕೂರಿಸಿದ ಬೆಳ್ಳಿಯ ಶಿಲುಬೆಯನ್ನು ಹೊತ್ತು ಲಂಡನ್ನಿನ ಪರಮಪ್ರಸಾದ ಸಮ್ಮೇಳನಕ್ಕೆ ಬರುತ್ತಿದ್ದಾರೆ. ಫ್ಲಾಂಬೋ ಎಂಬ ಜಗತ್ಪ್ರಸಿದ್ಧ ಕಳ್ಳ ಗುರುವಿನ ವೇಷ ತೊಟ್ಟು ಅವರ ಜೊತೆಗೂಡುತ್ತಾನೆ. ಕೊನೆಯಲ್ಲಿ ಅವನ ವೇಷ ಬಯಲಾಗುವುದು ಹೇಗೆ ಗೊತ್ತೇ? ನಕ್ಷತ್ರಗಳ ಕೆಳಗೆ ಕುಳಿತು ಮಾತನಾಡುವಾಗ ಅವನು ಮನುಷ್ಯನ ವಿವೇಚನಾಶಕ್ತಿಯನ್ನೇ ಹೀಗಳೆಯುತ್ತಾನೆ. ನಿಜವಾದ ಗುರು ಹಾಗೆ ಮಾತನಾಡುವುದಿಲ್ಲ ಎಂಬುದು ಬ್ರೌನರಿಗೆ ತಿಳಿದಿದೆ. ಶ್ರದ್ಧೆಯುಳ್ಳವರು ಬುದ್ಧಿಯನ್ನು ಬದಿಗಿಟ್ಟವರೆಂದು ಭಾವಿಸುವ ಜಗತ್ತಿಗೆ ಇದಕ್ಕಿಂತ ನವಿರಾದ ಉತ್ತರ ಸಿಗದು.

ಹಾಗಾದರೆ ಈ ಕಥೆಗಳ ಸುಖ ನಿರ್ದೋಷವಾದದ್ದು ಎನ್ನಬಹುದೇ? ಬಹುಮಟ್ಟಿಗೆ ಹೌದು. ಕದಡಿದ ಮನೆ ಮತ್ತೆ ತಿಳಿಯಾಗುತ್ತದೆ, ಸುಳ್ಳು ಸೋಲುತ್ತದೆ, ನಿರಪರಾಧಿ ಪಾರಾಗುತ್ತಾನೆ. ಆದರೆ ಈ ಸುಖಕ್ಕೆ ಒಂದು ನೆರಳಿದೆ. ಈ ಕಥೆಗಳ ಬಂಗಾರದ ಯುಗವೆನಿಸಿದ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಬ್ರಿಟನ್ನಿನಲ್ಲಿ ಕೊಲೆಗೆ ಶಿಕ್ಷೆ ಗಲ್ಲು. ಆ ಶಿಕ್ಷೆಯನ್ನು 1965ರಲ್ಲಿ ತಡೆಹಿಡಿದು, 1969ರಲ್ಲಿ ಶಾಶ್ವತವಾಗಿ ತೆಗೆದುಹಾಕಲಾಯಿತು. ಅಂದರೆ ಪ್ವಾರೊ ಮೀಸೆ ತೀಡುತ್ತಾ ಎಲ್ಲರನ್ನೂ ಹಜಾರಕ್ಕೆ ಕರೆದು, ಒಬ್ಬರ ಕಡೆಗೆ ಬೆರಳು ತೋರಿಸಿದಾಗ, ಆ ಬೆರಳಿನ ತುದಿಯಲ್ಲಿ ಒಂದು ನೇಣು ತೂಗುತ್ತಿತ್ತು. ಆ ಕಾಲದ ಓದುಗರಿಗೆ ಇದು ತಿಳಿದಿತ್ತು. ಬಹುಪಾಲು ಕಥೆಗಳು ಅದನ್ನು ಮರೆಸಿ, ಪುಸ್ತಕವನ್ನು ಮುಚ್ಚಿಬಿಡುತ್ತವೆ. ಮರೆಸದ ಕಥೆಗಳನ್ನು ಈಗ ನೋಡೋಣ.

ಆರ್ಥರ್ ಕಾನನ್ ಡಾಯ್ಲ್ 1892ರಲ್ಲಿ ಪ್ರಕಟಿಸಿದ 'ದಿ ಅಡ್ವೆಂಚರ್ ಆಫ್ ದಿ ಬ್ಲೂ ಕಾರ್ಬಂಕಲ್' ಕ್ರಿಸ್ಮಸ್ ಕಾಲದ ಕಥೆ. ಶ್ರೀಮಂತ ಮಹಿಳೆಯೊಬ್ಬಳ ಅಮೂಲ್ಯ ನೀಲಮಣಿ ಹೋಟೆಲೊಂದರಿಂದ ಕಳುವಾಗಿ, ಹಬ್ಬದ ಬಾತುಕೋಳಿಯ ಗಂಟಲಚೀಲದಲ್ಲಿ ಸಿಗುತ್ತದೆ. ಹಿಂದೊಮ್ಮೆ ಜೈಲು ಕಂಡಿದ್ದ ಹಾರ್ನರ್ ಎಂಬ ಕೊಳಾಯಿ ಕೆಲಸದವನ ಮೇಲೆ ಆರೋಪ ಬಿದ್ದಿದೆ. ನಿಜವಾದ ಕಳ್ಳ ಹೋಟೆಲಿನ ನೌಕರ ರೈಡರ್. ಅವನು ಹೋಮ್ಸನ ಕಾಲಿಗೆ ಬಿದ್ದು ಗೋಳಾಡುತ್ತಾನೆ. ಹೋಮ್ಸ್ ಬಾಗಿಲು ತೆರೆದು ಅವನನ್ನು ಹೊರಗೆ ಕಳಿಸಿಬಿಡುತ್ತಾನೆ. ಜೈಲಿಗೆ ಹೋದರೆ ಇವನು ಜೀವನಪರ್ಯಂತ ಜೈಲುಹಕ್ಕಿಯಾಗುತ್ತಾನೆ, ಈಗ ಬಿಟ್ಟರೆ ಒಂದು ಆತ್ಮ ಉಳಿದೀತು, ಇದು ಕ್ಷಮೆಯ ಋತು ಎಂಬುದು ಅವನ ಲೆಕ್ಕಾಚಾರ.

ಓದಲು ಹಿತವಾದ ಮುಕ್ತಾಯ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಸೆರೆಯಲ್ಲಿರುವ ಹಾರ್ನರನ ಗತಿ? ಸಾಕ್ಷಿ ಹೇಳಲು ರೈಡರ್ ಬಾರದಿದ್ದರೆ ಮೊಕದ್ದಮೆ ತಾನಾಗಿ ಬಿದ್ದುಹೋಗುತ್ತದೆ ಎಂದು ಹೋಮ್ಸ್ ಒಂದು ಮಾತಿನಲ್ಲಿ ಮುಗಿಸುತ್ತಾನೆ. ತಪ್ಪಿತಸ್ಥನಿಗೆ ತೋರಿದ ದಯೆಯ ಬೆಲೆಯನ್ನು ನಿರಪರಾಧಿ ಇನ್ನಷ್ಟು ದಿನ ಸೆರೆಯಲ್ಲಿ ಕುಳಿತು ತೆರಬೇಕೇ? 1984ರಲ್ಲಿ ಗ್ರನಾಡಾ ದೂರದರ್ಶನ ಸಂಸ್ಥೆ ಜೆರೆಮಿ ಬ್ರೆಟ್ ಅವರನ್ನು ಹೋಮ್ಸ್ ಪಾತ್ರದಲ್ಲಿಟ್ಟು ಈ ಕಥೆಯನ್ನು ತೆರೆಗೆ ತಂದಾಗ, ಮೂಲದಲ್ಲಿಲ್ಲದ ಒಂದು ಸಣ್ಣ ದೃಶ್ಯವನ್ನು ಸೇರಿಸಿತು. ಹಾರ್ನರ್ ಬಿಡುಗಡೆಯಾಗಿ ಹೊರಬರುತ್ತಾನೆ, ಹೆಂಡತಿ ಮಕ್ಕಳನ್ನು ಅಪ್ಪಿಕೊಳ್ಳುತ್ತಾನೆ. ಪುಸ್ತಕಕ್ಕೆ ನಿಷ್ಠವಾಗಿಲ್ಲವೆಂದು ತೆರೆರೂಪಗಳನ್ನು ದೂರುವುದು ನಮ್ಮ ವಾಡಿಕೆ. ಆದರೆ ಇಲ್ಲಿ ಸೇರ್ಪಡೆಯೇ ಕಥೆಯ ನೀತಿಯನ್ನು ಪೂರ್ಣಗೊಳಿಸಿದೆ. ನ್ಯಾಯ ಮೊದಲು ಹಾರ್ನರನಿಗೆ ಸಲ್ಲಬೇಕು; ರೈಡರನಿಗೆ ತೋರಿದ ಕರುಣೆಗೆ ಆಗ ಮಾತ್ರ ಅರ್ಥ ಬರುತ್ತದೆ.

ಇನ್ನು ಅಗಾಥಾ ಕ್ರಿಸ್ಟಿಯವರ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' ಕಾದಂಬರಿಗೆ ಬನ್ನಿ. 1934ರಲ್ಲಿ ಪ್ರಕಟವಾದ ಇದರ ಹಿಂದೆ, ಅಮೆರಿಕದ ವಿಮಾನ ಸಾಹಸಿ ಲಿಂಡ್‌ಬರ್ಗ್ ಅವರ ಕೂಸನ್ನು 1932ರಲ್ಲಿ ಅಪಹರಿಸಿ ಕೊಂದ ಪ್ರಕರಣದ ನೆರಳಿದೆ. ಯುಗೊಸ್ಲಾವಿಯದ ಹಿಮದಲ್ಲಿ ರೈಲು ಸಿಕ್ಕಿಕೊಂಡಿದೆ. ಹಸುಗೂಸೊಂದನ್ನು ಕೊಂದು, ಕಾನೂನಿನ ಕಣ್ಣು ತಪ್ಪಿಸಿ ಮೆರೆಯುತ್ತಿದ್ದ ಪಾತಕಿ ಡಬ್ಬಿಯೊಂದರಲ್ಲಿ ಹೆಣವಾಗಿದ್ದಾನೆ. ಮೈಮೇಲೆ ಹನ್ನೆರಡು ಇರಿತಗಳು. ಇರಿದವರೂ ಹನ್ನೆರಡು ಮಂದಿ, ತಾವೇ ನ್ಯಾಯದರ್ಶಿ ಮಂಡಳಿ ಎಂದು ಕಲ್ಪಿಸಿಕೊಂಡವರು, ಆ ಕೂಸಿನ ಸಾವಿನಿಂದ ಬಾಳು ಮುರಿದವರು. ಪ್ವಾರೊ ಎರಡು ವಿವರಣೆಗಳನ್ನು ಮುಂದಿಡುತ್ತಾನೆ: ಹೊರಗಿನಿಂದ ಬಂದ ಯಾರೋ ಕೊಂದು ಪರಾರಿಯಾದರು ಎಂಬುದು ಒಂದು, ನಿಜವಾದದ್ದು ಇನ್ನೊಂದು. ಜೊತೆಯವರು ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ. ಪ್ವಾರೊ ತಲೆಬಾಗಿ ಪ್ರಕರಣದಿಂದ ಹಿಂದೆ ಸರಿಯುತ್ತಾನೆ. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ. ಅವನ ಮನಸ್ಸಿನಲ್ಲಿ ಏನು ನಡೆಯಿತೆಂದು ಕ್ರಿಸ್ಟಿ ಒಂದು ಸಾಲನ್ನೂ ಬರೆಯುವುದಿಲ್ಲ.

1974ರಲ್ಲಿ ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ, ಆಲ್ಬರ್ಟ್ ಫಿನ್ನಿ ಪ್ವಾರೊ ಆಗಿ ನಟಿಸಿದ ಚಿತ್ರ ಈ ಮೌನವನ್ನು ಹಬ್ಬವಾಗಿ ಮಾರ್ಪಡಿಸಿತು. ಕೊನೆಯಲ್ಲಿ ಹನ್ನೆರಡೂ ಜನ ದ್ರಾಕ್ಷಾರಸದ ಬಟ್ಟಲುಗಳನ್ನೆತ್ತಿ ಒಬ್ಬರಿಗೊಬ್ಬರು ಶುಭ ಕೋರುತ್ತಾರೆ. ಚಿತ್ರ ಸೊಗಸಾಗಿದೆ, ನಟವರ್ಗ ಅಮೋಘವಾಗಿದೆ, ನೋಡುವಾಗ ನಾವೂ ಮುಗುಳ್ನಗುತ್ತೇವೆ. ಆದರೆ ಮನುಷ್ಯನೊಬ್ಬನನ್ನು ನಿದ್ದೆಯಲ್ಲಿ ಇರಿದು ಕೊಂದವರ ಬಟ್ಟಲಿನೊಡನೆ ನಮ್ಮ ಬಟ್ಟಲನ್ನೂ ತಾಗಿಸಿದ್ದೇವೆಂಬುದು ಮನೆಗೆ ಬಂದ ಮೇಲೆ ಹೊಳೆಯುತ್ತದೆ.

2010ರ ಕ್ರಿಸ್ಮಸ್ ದಿನದಂದು ಬ್ರಿಟನ್ನಿನಲ್ಲಿ ಪ್ರಸಾರವಾದ, ಡೇವಿಡ್ ಸುಶೇ ನಟಿಸಿದ ರೂಪ ಇದಕ್ಕೆ ತೀರಾ ವಿರುದ್ಧವಾದದ್ದು. 1989ರಿಂದ 2013ರವರೆಗೆ ಎಪ್ಪತ್ತು ಕಂತುಗಳಲ್ಲಿ ಪ್ವಾರೊ ಆಗಿ ಬಾಳಿದ ಈ ನಟ ಸ್ವತಃ ಕ್ರೈಸ್ತ ವಿಶ್ವಾಸಿ. ಇಡೀ ಬೈಬಲನ್ನು ಓದಿ ಧ್ವನಿಮುದ್ರಿಸಿದವರು. ಪ್ವಾರೊ ಕಥೋಲಿಕನೆಂಬುದನ್ನು ಕ್ರಿಸ್ಟಿ ಹೇಳಿದ್ದರೂ ಅದು ಕಥೆಗಳ ಅಂಚಿನಲ್ಲೇ ಉಳಿದಿತ್ತು. 2010ರ ಚಿತ್ರ ಅದನ್ನು ನಡುಮನೆಗೆ ತಂದಿತು. ಆರಂಭದಲ್ಲಿ ಇಸ್ತಾಂಬುಲ್ ನಗರದ ಬೀದಿಯಲ್ಲಿ ಜನರ ಗುಂಪೊಂದು ಒಬ್ಬ ಹೆಂಗಸಿನ ಮೇಲೆ ಕಲ್ಲು ಬೀರುವ ದೃಶ್ಯವಿದೆ. ಅದನ್ನು ಕಂಡ ನಮಗೆ ಯೊವಾನ್ನರ ಶುಭಸಂದೇಶದ ಎಂಟನೆಯ ಅಧ್ಯಾಯ ನೆನಪಾಗದಿರದು. ರೈಲಿನಲ್ಲಿ ಪ್ವಾರೊ ಜಪಸರ ಹಿಡಿದು ಪ್ರಾರ್ಥಿಸುತ್ತಾನೆ. ಸತ್ಯ ತಿಳಿದಾಗ ಕೋಪದಿಂದ ಕುದಿಯುತ್ತಾನೆ. ಕಾನೂನನ್ನು ಕೈಗೆತ್ತಿಕೊಳ್ಳುವವರೆಲ್ಲ ಹೀಗೆಯೇ ಹೊರಟರೆ ಲೋಕದಲ್ಲಿ ಉಳಿಯುವುದೇನು ಎಂದು ಗುಡುಗುತ್ತಾನೆ. ಕೊನೆಗೆ ಅವರನ್ನು ಬಿಟ್ಟುಬಿಡುತ್ತಾನೆ. ಆದರೆ ಜಪಸರವನ್ನು ಬಿಗಿಹಿಡಿದು, ಕಣ್ಣೀರು ತುಂಬಿಕೊಂಡು ಹಿಮದಲ್ಲಿ ನಡೆದುಹೋಗುತ್ತಾನೆ.

ಈ ರೂಪ ಹಲವರಿಗೆ ರುಚಿಸಲಿಲ್ಲ. ಕ್ರಿಸ್ಟಿಯವರ ಲಘುತ್ವ ಮಾಯವಾಗಿದೆ, ಕತ್ತಲೆ ಹೆಚ್ಚಾಗಿದೆ, ಮಾತು ಕೆಲವೆಡೆ ಉಪದೇಶವಾಗಿದೆ ಎಂಬ ಆಕ್ಷೇಪಣೆಗಳಲ್ಲಿ ಹುರುಳಿಲ್ಲದಿಲ್ಲ. ಕ್ರಿಸ್ಟಿಯವರ ಮೌನಕ್ಕೂ ತನ್ನದೇ ಘನತೆಯಿದೆ; ತೀರ್ಪನ್ನು ಅದು ಓದುಗರ ಮನಸ್ಸಿಗೆ ಬಿಡುತ್ತದೆ. ಆದರೂ ಎರಡನ್ನೂ ತೂಗಿ ನೋಡಿದಾಗ ಸುಶೇ ಅವರ ಕಣ್ಣೀರಿನ ಕಡೆಗೇ ತಕ್ಕಡಿ ವಾಲುತ್ತದೆ. ಯಾಕೆಂದರೆ ಬಿಟ್ಟುಬಿಡುವುದು ಅಗ್ಗದ ಕೆಲಸವಲ್ಲವೆಂದು ಆ ಕಣ್ಣೀರು ಸಾರುತ್ತದೆ. ಪಾಪವನ್ನು ಪಾಪವೆಂದು ಕರೆದ ಮೇಲೆ ಮಾತ್ರ ಕ್ಷಮೆಗೆ ಅರ್ಥವಿದೆ. ಹಬ್ಬದ ಬಟ್ಟಲುಗಳ ನಡುವೆ ಕ್ಷಮೆ ಇಲ್ಲ. ಅಲ್ಲಿ ಇರುವುದು ಮರೆವು. ಇದೇ ಪ್ವಾರೊವಿನ ಕೊನೆಯ ಕಥೆಯಾದ, 1975ರಲ್ಲಿ ಪ್ರಕಟವಾದ 'ಕರ್ಟನ್' ಕಾದಂಬರಿಯ ಗುಟ್ಟನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಜೀವನವಿಡೀ ಇತರರ ತಪ್ಪನ್ನು ಎತ್ತಿ ತೋರಿದವನು, ಅಲ್ಲಿ ತನ್ನನ್ನೇ ದೇವರ ತೀರ್ಪಿಗೆ ಒಪ್ಪಿಸಿಕೊಳ್ಳುತ್ತಾನೆ.

ಡೊರೊತಿ ಸೇಯರ್ಸ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋದವರು. ಕ್ರಿಸ್ತನ ಜೀವನವನ್ನು ಕುರಿತ ಅವರ ಹನ್ನೆರಡು ಬಾನುಲಿ ನಾಟಕಗಳನ್ನು ಬಿಬಿಸಿ 1941-42ರಲ್ಲಿ, ಯುದ್ಧದ ಕತ್ತಲಿನ ನಡುವೆ, ಪ್ರಸಾರ ಮಾಡಿತು. ಅದಕ್ಕೂ ಮುಂಚೆ ಅವರು ಲಾರ್ಡ್ ಪೀಟರ್ ವಿಮ್ಸಿ ಎಂಬ ಪತ್ತೇದಾರನ ಕಥೆಗಳಿಂದ ಹೆಸರಾಗಿದ್ದರು. 1937ರ 'ಬಸ್‌ಮನ್ಸ್ ಹನಿಮೂನ್' ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬಿದ್ದ ಮೇಲೂ ಕಥೆ ಮುಗಿಯುವುದಿಲ್ಲ. ವಿಮ್ಸಿ ಅವನಿಗಾಗಿ ವಕೀಲರನ್ನು ಗೊತ್ತುಮಾಡುತ್ತಾನೆ; ಗಲ್ಲಿನ ಹಿಂದಿನ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆಯುತ್ತಾನೆ; ಬೆಳಗಿನ ಎಂಟು ಗಂಟೆ ಸಮೀಪಿಸಿದಾಗ ಹೆಂಡತಿಯ ಮಡಿಲಲ್ಲಿ ಮುಖವಿಟ್ಟು ಅಳುತ್ತಾನೆ. ತನ್ನ ಜಾಣ್ಮೆಯೇ ಒಬ್ಬ ಮನುಷ್ಯನ ಕೊರಳಿಗೆ ಹಗ್ಗವಾಯಿತೆಂಬ ಅರಿವು ಅದು. 1987ರಲ್ಲಿ ಬಿಬಿಸಿ ವಿಮ್ಸಿಯ ಮೂರು ಕಾದಂಬರಿಗಳನ್ನು ಎಡ್ವರ್ಡ್ ಪೆಥರ್‌ಬ್ರಿಜ್ ನಟನೆಯಲ್ಲಿ ಚೆನ್ನಾಗಿ ತೆರೆಗೆ ತಂದಿತು; ಈ ಕಾದಂಬರಿ ಮಾತ್ರ ಆ ಸರಣಿಯಲ್ಲಿ ಸೇರಲಿಲ್ಲ. ಹಾಗಾಗಿ ಆ ಬೆಳಗಿನ ಎಂಟು ಗಂಟೆಯನ್ನು ಕಾಣಬೇಕಾದರೆ ನೀವು ಪುಸ್ತಕವನ್ನೇ ಕೈಗೆತ್ತಿಕೊಳ್ಳಬೇಕು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿದರು. ಆ ತಿದ್ದುಪಡಿಯ ಅರ್ಥವನ್ನು ಎಳೆಯರಿಗೆ ವಿವರಿಸಬೇಕಾದವರಿಗೆ ಈ ಕಾದಂಬರಿಯ ಕೊನೆಯ ಪುಟಗಳು ನೆರವಾದಾವು.

ಇಷ್ಟರವರೆಗೆ ನಾವು ಕಂಡ ಪತ್ತೇದಾರರು ಅಪರಾಧಿಯನ್ನು ಬಿಟ್ಟರು, ಇಲ್ಲವೇ ಒಪ್ಪಿಸಿ ಅತ್ತರು. ಮೂರನೆಯ ದಾರಿಯೊಂದಿದೆ. ಅದು ಫಾದರ್ ಬ್ರೌನ್ ಅವರದು.

ಚೆಸ್ಟರ್ಟನ್ ಈ ಪಾತ್ರವನ್ನು ಕಡೆದದ್ದು ಫಾದರ್ ಜಾನ್ ಓಕಾನರ್ ಎಂಬ ಗುರುಗಳನ್ನು ನೋಡಿ. ಒಮ್ಮೆ ಮಾತಿನ ನಡುವೆ ಆ ಗುರುಗಳು ಲೋಕದ ಕೆಡುಕನ್ನು ಕುರಿತು ತಮಗೆ ತಿಳಿದಿದ್ದ ಸಂಗತಿಗಳನ್ನು ಹೇಳಿದಾಗ ಚೆಸ್ಟರ್ಟನ್ ಬೆಚ್ಚಿಬಿದ್ದರಂತೆ. ಸ್ವಲ್ಪ ಹೊತ್ತಿನಲ್ಲೇ ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಮಠದೊಳಗೆ ಬೆಳೆದ ಪಾಪದ ಗುರುಗಳಿಗೆ ಲೋಕದ ದುಷ್ಟತನ ಏನು ಗೊತ್ತು ಎಂದು ಮರುಕಪಟ್ಟರು. ಈ ವಿರೋಧಾಭಾಸದಿಂದ ಫಾದರ್ ಬ್ರೌನ್ ಹುಟ್ಟಿದರು. ದಿನವೂ ಪಾಪನಿವೇದನೆ ಕೇಳುವವರಿಗೆ ಮನುಷ್ಯನ ಒಳಗು ತಿಳಿಯದೇ? 1911ರಿಂದ 1935ರವರೆಗೆ ಐದು ಸಂಕಲನಗಳಾಗಿ ಕಥೆಗಳು ಬಂದವು. ಮೊದಲ ಎರಡು ಸಂಕಲನಗಳನ್ನು ಬರೆದಾಗ ಚೆಸ್ಟರ್ಟನ್ ಇನ್ನೂ ಕಥೋಲಿಕರಾಗಿರಲಿಲ್ಲ. 1922ರಲ್ಲಿ ಅವರನ್ನು ಧರ್ಮಸಭೆಗೆ ಬರಮಾಡಿಕೊಂಡವರಲ್ಲಿ ಅದೇ ಓಕಾನರ್ ಒಬ್ಬರು.

1927ರ ಸಂಕಲನದಲ್ಲಿ ಅಮೆರಿಕದ ಅತಿಥಿಯೊಬ್ಬ ಬ್ರೌನರ ಪತ್ತೇದಾರಿಕೆಯ ರಹಸ್ಯವೇನೆಂದು ಕೇಳುತ್ತಾನೆ. ಆ ಕೊಲೆಗಳನ್ನೆಲ್ಲ ಮಾಡಿದವನು ತಾನೇ ಎಂಬ ಅರ್ಥದ ಉತ್ತರ ಬಂದು ಅವನು ಕಂಗಾಲಾಗುತ್ತಾನೆ. ಬ್ರೌನರು ಹೇಳುವುದು ಇದು: ಅಪರಾಧಿಯನ್ನು ದೂರದ ಹುಳುವಿನಂತೆ ಹೊರಗಿನಿಂದ ಪರೀಕ್ಷಿಸುವುದು ಅವರ ದಾರಿಯಲ್ಲ. ಅವನ ಒಳಹೊಕ್ಕು, ಅವನಂತೆ ಯೋಚಿಸಿ, ಅವನ ದ್ವೇಷವನ್ನು ತನ್ನ ಎದೆಯಲ್ಲಿ ಕಂಡುಕೊಂಡು, ತಾನೂ ಅದನ್ನು ಮಾಡಬಲ್ಲೆನೆಂದು ಅರಿತ ಮೇಲೆಯೇ ಅವರಿಗೆ ಗುಟ್ಟು ತಿಳಿಯುತ್ತದೆ. ಇದು ಆತ್ಮಶೋಧನೆಯ ಮಾತು. ಸಾಮಾನ್ಯ ಪತ್ತೇದಾರಿ ಕಥೆ ನಮಗೆ ಕೊಡುವ ನೆಮ್ಮದಿ, ತಪ್ಪಿತಸ್ಥ ಬೇರೊಬ್ಬ, ನಾನಲ್ಲ ಎಂಬುದು. ಬ್ರೌನರು ಆ ನೆಮ್ಮದಿಯನ್ನು ಕಸಿದುಕೊಳ್ಳುತ್ತಾರೆ.

ಆದ್ದರಿಂದಲೇ ಗುಟ್ಟು ಬಯಲಾದ ಮೇಲೆ ಅವರ ನಡೆ ಬೇರೆ. 'ದಿ ಹ್ಯಾಮರ್ ಆಫ್ ಗಾಡ್' ಕಥೆಯಲ್ಲಿ ಭಕ್ತಿವಂತನಾದ ಪಾದ್ರಿಯೊಬ್ಬ, ದುರಾಚಾರಿ ಅಣ್ಣನ ತಲೆಯ ಮೇಲೆ ಚರ್ಚಿನ ಗೋಪುರದಿಂದ ಸುತ್ತಿಗೆ ಬೀಳಿಸಿ ಕೊಂದಿದ್ದಾನೆ. ಎತ್ತರದಿಂದ ಕೆಳಗೆ ನೋಡುತ್ತಾ ಪ್ರಾರ್ಥಿಸಿದವನಿಗೆ ಮನುಷ್ಯರು ಹುಳುಗಳಂತೆ ಕಂಡರು, ತಾನೇ ತೀರ್ಪುಗಾರನೆಂಬ ಭ್ರಮೆ ಹಿಡಿಯಿತು. ಸತ್ಯ ಹೊರಬಿದ್ದಾಗ ಅವನು ಗೋಪುರದಿಂದ ಹಾರಲು ಹವಣಿಸುತ್ತಾನೆ. ಬ್ರೌನರು ಕೊರಳಪಟ್ಟಿ ಹಿಡಿದು ಉಳಿಸುತ್ತಾರೆ. ಈ ಮಾತು ತಮ್ಮಲ್ಲೇ ಉಳಿಯುವುದೆಂದು ಹೇಳಿ ಆಯ್ಕೆಯನ್ನು ಅವನಿಗೇ ಬಿಡುತ್ತಾರೆ. ಅವನು ಮೆಟ್ಟಿಲಿಳಿದು ಹೋಗಿ ತಾನಾಗಿ ಶರಣಾಗುತ್ತಾನೆ. 'ದಿ ಇನ್ವಿಸಿಬಲ್ ಮ್ಯಾನ್' ಕಥೆಯಲ್ಲಿ ಕೊಲೆಗಾರ ಎಲ್ಲರ ಕಣ್ಣೆದುರೇ ಬಂದುಹೋಗುವ, ಆದರೆ ಯಾರೂ ಗಮನಿಸದ ಅಂಚೆಯವನು. ಅವನನ್ನು ಗುರುತಿಸಿದ ಬಳಿಕ ಬ್ರೌನರು ಹಿಮ ಮುಸುಕಿದ ಗುಡ್ಡಗಳ ಮೇಲೆ, ನಕ್ಷತ್ರಗಳ ಕೆಳಗೆ, ಗಂಟೆಗಟ್ಟಲೆ ಅವನೊಡನೆ ನಡೆಯುತ್ತಾರೆ. ಅವರಿಬ್ಬರ ನಡುವೆ ಏನು ಮಾತಾಯಿತೆಂದು ಓದುಗರಿಗೆ ತಿಳಿಸುವುದೇ ಇಲ್ಲ. ಓದುಗರಿಂದ ಏನನ್ನೂ ಬಚ್ಚಿಡಬಾರದೆಂಬುದು ಪತ್ತೇದಾರಿ ಕಥೆಯ ಕಟ್ಟಳೆ. ಆದರೆ ಪಾಪನಿವೇದನೆಯ ಮುದ್ರೆ ಅದಕ್ಕಿಂತ ದೊಡ್ಡದು.

ಫ್ಲಾಂಬೋವಿನ ಕಥೆಯೂ ಇದೇ ತಳಹದಿಯದು. ಬ್ರೌನರು ಅವನನ್ನು ಪೊಲೀಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದಿಲ್ಲ; ಮತ್ತೆ ಮತ್ತೆ ಎದುರಾಗಿ, ಮಾತನಾಡಿ, ಅವನೊಳಗಿನ ಮನುಷ್ಯನನ್ನು ಕರೆಯುತ್ತಾರೆ. 'ದಿ ಫ್ಲೈಯಿಂಗ್ ಸ್ಟಾರ್ಸ್' ಕಥೆಯಲ್ಲಿ ಮರದ ಮೇಲೆ ಅಡಗಿದ್ದ ಅವನು ಕದ್ದ ವಜ್ರಗಳನ್ನು ಕೆಳಗೆ ಚೆಲ್ಲುತ್ತಾನೆ. ಅದೇ ಅವನ ಕೊನೆಯ ಕಳವು. ಮುಂದೆ ಅವನು ಬ್ರೌನರ ಗೆಳೆಯನಾಗಿ, ತಾನೇ ಪತ್ತೇದಾರನಾಗುತ್ತಾನೆ. ಕೊನೆಗೆ ಸ್ಪೇನ್ ದೇಶದಲ್ಲಿ ಸಂಸಾರವಂದಿಗನಾಗಿ ನೆಲೆಸುತ್ತಾನೆ.

ತೆರೆಯ ಮೇಲೆ ಈ ಪರಿವರ್ತನೆ ಏನಾಯಿತು? 1954ರಲ್ಲಿ ರಾಬರ್ಟ್ ಹ್ಯಾಮರ್ ನಿರ್ದೇಶಿಸಿದ ಚಿತ್ರದಲ್ಲಿ ಅಲೆಕ್ ಗಿನ್ನೆಸ್ ಬ್ರೌನರಾಗಿ, ಪೀಟರ್ ಫಿಂಚ್ ಫ್ಲಾಂಬೋ ಆಗಿ ನಟಿಸಿದರು. ದುಂದುಗಾರ ಮಗನ ಸಾಮತಿಯ ನೆರಳಿನಲ್ಲಿ ಆ ಚಿತ್ರ ಕಳ್ಳನನ್ನು ಮನೆಗೆ ಮರಳಿಸುತ್ತದೆ. ಅದರ ಚಿತ್ರೀಕರಣ ಫ್ರಾನ್ಸಿನಲ್ಲಿ ನಡೆಯುತ್ತಿದ್ದಾಗ, ಗುರುವಿನ ನಿಲುವಂಗಿಯಲ್ಲೇ ಬಿಡಾರಕ್ಕೆ ಮರಳುತ್ತಿದ್ದ ಗಿನ್ನೆಸ್ ಅವರನ್ನು ನಿಜವಾದ ಗುರುವೆಂದು ನಂಬಿದ ಹಳ್ಳಿಯ ಪುಟ್ಟ ಹುಡುಗನೊಬ್ಬ, ಕೈಹಿಡಿದು ಹರಟುತ್ತಾ ಜೊತೆಗೆ ನಡೆದನಂತೆ. ತಮ್ಮ ಆತ್ಮಕಥನದಲ್ಲಿ ಅವರು ಇದನ್ನು ನೆನೆದಿದ್ದಾರೆ. 1956ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಮಗುವಿನ ಆ ನಂಬಿಕೆ ಎಷ್ಟು ದೊಡ್ಡ ಹೊಣೆಯೆಂಬುದನ್ನು ಧರ್ಮಸಭೆ ಇಂದು ನೋವಿನಿಂದ ಅರಿತಿದೆ. ಆದ್ದರಿಂದ ಈ ಪ್ರಸಂಗ ನಮ್ಮನ್ನು ಮುದಗೊಳಿಸುವಷ್ಟೇ ಎಚ್ಚರಿಸಲೂ ಬೇಕು.

2013ರಲ್ಲಿ ಆರಂಭವಾದ ಬಿಬಿಸಿಯ 'ಫಾದರ್ ಬ್ರೌನ್' ಧಾರಾವಾಹಿ ನೂರಕ್ಕೂ ಹೆಚ್ಚು ಕಂತುಗಳನ್ನು ಕಂಡಿದೆ. ಮಾರ್ಕ್ ವಿಲಿಯಮ್ಸ್ ಅವರ ಬ್ರೌನರು ನಲ್ಮೆಯವರು, ಸೈಕಲ್ ಏರಿ ಊರೆಲ್ಲ ಸುತ್ತುವವರು. ಚೆಸ್ಟರ್ಟನ್ನರ ಬ್ರೌನರು ಊರಿಂದೂರಿಗೆ ಅಲೆಯುವವರು; ಧಾರಾವಾಹಿ ಅವರನ್ನು 1950ರ ದಶಕದ ಕೆಂಬಲ್‌ಫರ್ಡ್ ಎಂಬ ಕಲ್ಪಿತ ಹಳ್ಳಿಯ ಧರ್ಮಕೇಂದ್ರದ ಗುರುಗಳನ್ನಾಗಿ ನೆಲೆಗೊಳಿಸಿದೆ. ತೆರೆಯ ಮೇಲೆ ಕಾಣುವ ಪುರಾತನ ದೇವಾಲಯ ವಾಸ್ತವದಲ್ಲಿ ಬ್ಲಾಕ್ಲಿ ಎಂಬ ಊರಿನ ಆಂಗ್ಲಿಕನ್ ಚರ್ಚು. ಇಂಗ್ಲೆಂಡಿನಲ್ಲಿ ಅಂಥ ಪುರಾತನ ಚರ್ಚುಗಳು ಕಥೋಲಿಕರ ಕೈಯಲ್ಲಿ ಉಳಿದಿರಲಿಲ್ಲವೆಂಬುದನ್ನು ಧಾರಾವಾಹಿ ಮರೆಯುತ್ತದೆ. ಆದರೆ ಧರ್ಮಕೇಂದ್ರದ ಕಾರ್ಯದರ್ಶಿ ಮಿಸೆಸ್ ಮೆಕಾರ್ಥಿಯ ಬಿರುಸು ಮಾತು, ಬಹುಮಾನ ಗೆದ್ದ ಆಕೆಯ ತಿನಿಸು, ಹಬ್ಬ ಜಾತ್ರೆಗಳ ಗಡಿಬಿಡಿ – ಇವನ್ನೆಲ್ಲ ಕಂಡಾಗ ನಮ್ಮದೇ ಧರ್ಮಕೇಂದ್ರದ ಯಾರಾದರೂ ನಿಮಗೆ ನೆನಪಾಗದಿರರು. ಅಪರಾಧಿಯನ್ನು ಹಿಡಿಯುವುದಕ್ಕಿಂತ ಅವನ ಆತ್ಮವನ್ನು ಉಳಿಸಲು ಈ ಬ್ರೌನರೂ ತವಕಿಸುತ್ತಾರೆ. ಪಶ್ಚಾತ್ತಾಪ ಪಡೆಂದು ಬೇಡುತ್ತಾರೆ. ಅಷ್ಟರಮಟ್ಟಿಗೆ ಧಾರಾವಾಹಿ ಮೂಲದ ಮಗುವೇ.

ಆದರೆ ಫ್ಲಾಂಬೋವಿನ ವಿಷಯದಲ್ಲಿ ಅದು ದಾರಿ ಬಿಟ್ಟಿದೆ. ಜಾನ್ ಲೈಟ್ ಎಂಬ ಸ್ಫುರದ್ರೂಪಿ ನಟ ಸರಣಿಯಿಂದ ಸರಣಿಗೆ ಕಳ್ಳನಾಗಿಯೇ ಮರಳುತ್ತಾನೆ. ಇದಕ್ಕೆ ಕಾರಣವನ್ನು ಊಹಿಸುವುದು ಸುಲಭ. ಪಶ್ಚಾತ್ತಾಪಪಟ್ಟ ಕಳ್ಳ ಧಾರಾವಾಹಿಗೆ ಬೇಡ; ಮುಂದಿನ ವರ್ಷವೂ ಅವನು ಕದಿಯಬೇಕು, ಜನ ಕಾದು ಕೂರಬೇಕು. ಚೆಸ್ಟರ್ಟನ್ ಕೆಲವೇ ಕಥೆಗಳಲ್ಲಿ ಅವನನ್ನು ಹೊಸ ಮನುಷ್ಯನನ್ನಾಗಿ ಮಾಡುವ ಧೈರ್ಯ ತೋರಿದರು. ಧಾರಾವಾಹಿಗೆ ಆ ಧೈರ್ಯ ಬರಲಿಲ್ಲ. ಮನುಷ್ಯ ಬದಲಾಗುವುದಿಲ್ಲ, ಕಳ್ಳ ಕಳ್ಳನೇ ಎಂಬುದು ಲೋಕದ ಹಳೆಯ ಗಾದೆ. ತಿಳಿದೋ ತಿಳಿಯದೆಯೋ ಆ ಗಾದೆಗೆ ಧಾರಾವಾಹಿ ಇಂಬು ಕೊಟ್ಟಿದೆ.

ಕೊನೆಯದಾಗಿ ನೀವು ಓದಲೇಬೇಕಾದ ಒಂದು ಕಥೆ, 'ದಿ ಚೀಫ್ ಮೋರ್ನರ್ ಆಫ್ ಮಾರ್ನ್'. ಒಬ್ಬ ಶ್ರೀಮಂತ, ಒಡಹುಟ್ಟಿದವನಂತೆ ಬೆಳೆದ ಬಂಧುವನ್ನು ದ್ವಂದ್ವಯುದ್ಧದಲ್ಲಿ ಕೊಂದು, ದುಃಖದಿಂದ ಕೋಟೆಯೊಳಗೆ ಸನ್ಯಾಸಿಯಂತೆ ಬದುಕಿದ್ದಾನೆಂದು ಊರು ನಂಬಿದೆ. ಯೌವನದ ಮೊದಲ ಬಿಸಿಯಲ್ಲಿ ಆದ ತಪ್ಪು, ಕ್ಷಮಿಸಿಬಿಡೋಣ ಎಂದು ದೊಡ್ಡ ಮನೆತನದ ಹೆಂಗಸರೂ ಗಂಡಸರೂ ಉದಾರವಾಗಿ ಮಾತನಾಡುತ್ತಾರೆ. ಕ್ಷಮೆಯಿಲ್ಲದ ಧರ್ಮವೆಂದು ಬ್ರೌನರ ಮೇಲೆಯೇ ಹರಿಹಾಯುತ್ತಾರೆ. ಬಳಿಕ ನಿಜ ಹೊರಬೀಳುತ್ತದೆ. ಅದು ಗೌರವದ ಯುದ್ಧವಾಗಿರಲಿಲ್ಲ. ಗುಂಡು ತಗುಲಿದಂತೆ ಬಿದ್ದು ನಟಿಸಿ, ಕನಿಕರದಿಂದ ಬಳಿಗೆ ಓಡಿಬಂದ ಬಂಧುವನ್ನು ಕೊಂದ ದ್ರೋಹಿಯೇ ಒಳಗಿರುವವನು. ಆಗ ಅಷ್ಟೂ ಉದಾರಿಗಳು ಹೇಸಿ ಹಿಂದೆ ಸರಿಯುತ್ತಾರೆ. ಮನುಷ್ಯರ ಕ್ಷಮೆಗೂ ಮಿತಿಯಿದೆ ಎನ್ನುತ್ತಾರೆ. ಬ್ರೌನರ ಉತ್ತರದ ಸಾರ ಇಷ್ಟು: ನಿಮಗೆ ಪಾಪವೆಂದೇ ಅನ್ನಿಸದ ಪಾಪವನ್ನು ಮಾತ್ರ ನೀವು ಕ್ಷಮಿಸುತ್ತೀರಿ, ನಿಜಕ್ಕೂ ಅಸಹ್ಯವಾದುದನ್ನು ಹೊತ್ತು ಬರುವವನಿಗೆ ಬಾಗಿಲು ತೆರೆಯುವ ಕೆಲಸ ನಮ್ಮಂಥ ಗುರುಗಳ ಪಾಲಿಗೆ ಉಳಿಯುತ್ತದೆ.

ಈ ಕಥೆಯನ್ನು ಓದಿ ಪುಸ್ತಕ ಮುಚ್ಚಿದಾಗ ಕೊಲೆಗಾರನ ಹೆಸರು ಮುಖ್ಯವಾಗಿ ಉಳಿಯುವುದಿಲ್ಲ. ನಮ್ಮ ಕುಟುಂಬಗಳಲ್ಲಿ, ನೆರೆಹೊರೆಯಲ್ಲಿ, ಚರ್ಚಿನ ಅಂಗಳದಲ್ಲಿ ನಾವು ಯಾರನ್ನು ಕ್ಷಮಿಸಿದ್ದೇವೆ, ಯಾರ ಹೆಸರೆತ್ತಿದರೆ ಮುಖ ಸಿಂಡರಿಸುತ್ತೇವೆ ಎಂಬ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ. ಕುಡಿದು ಜಗಳವಾಡಿದ ಮಾವನನ್ನು ನಗುತ್ತಾ ಕ್ಷಮಿಸುತ್ತೇವೆ. ಸೊಸೈಟಿಯ ಹಣ ನುಂಗಿ ಜೈಲು ಕಂಡು ಬಂದವನು ಬಲಿಪೂಜೆಯಲ್ಲಿ ಪಕ್ಕದ ಬೆಂಚಿಗೆ ಬಂದರೆ ಸರಿದು ಕೂರುತ್ತೇವೆ. ಅವನಿಂದ ನೊಂದವರಿಗೆ ಹಣ ಮರಳಬೇಕು, ಅದು ನ್ಯಾಯ. ಹಾರ್ನರನನ್ನು ಮರೆತ ಕರುಣೆ ಕರುಣೆಯಲ್ಲ. ಆದರೆ ಅವನಿಗೆ ಬೆಂಚಿನಲ್ಲಿ ಜಾಗವೂ ಬೇಕು.

ಆದ್ದರಿಂದ, ಪ್ರಿಯ ಓದುಗರೇ, ಈ ಕಥೆಗಳನ್ನು ಸಂಕೋಚವಿಲ್ಲದೆ ಓದಿ. ಚಿತ್ರಗಳನ್ನು ಮನೆಮಂದಿಯೊಡನೆ ಕುಳಿತು ನೋಡಿ. ಸುಳಿವುಗಳನ್ನು ಮಕ್ಕಳೊಡನೆ ಪಂಥ ಕಟ್ಟಿ ಹುಡುಕಿ; ಅದ್ಭುತವಾದ ಆಟವದು. ಗುಟ್ಟು ಬಯಲಾದೊಡನೆ ಮಾತ್ರ ಎದ್ದು ಹೋಗಬೇಡಿ. ಉಳಿದ ಐದು ನಿಮಿಷಗಳನ್ನು ಗಮನವಿಟ್ಟು ನೋಡಿ: ತಲೆತಗ್ಗಿಸಿ ನಿಂತವನ ಮುಖವನ್ನು ಕಥೆ ನಮಗೆ ತೋರಿಸುತ್ತದೆಯೇ, ಅಥವಾ ಅವಸರದಿಂದ ಮರೆಮಾಡುತ್ತದೆಯೇ? ಅವನನ್ನು ಏನು ಮಾಡಬೇಕಿತ್ತೆಂದು ಮಕ್ಕಳನ್ನು ಕೇಳಿ. ಅವರ ಉತ್ತರ ನಿಮ್ಮದಕ್ಕಿಂತ ಕಠಿಣವಾಗಿದ್ದರೆ ಬೆಚ್ಚಬೇಡಿ. ಎಳೆಯರಿಗೆ ನ್ಯಾಯದ ಹಸಿವು ಹೆಚ್ಚು. ಆಗ ಟಿ.ವಿ. ಆರಿಸಿ, ಹಿಮದ ಗುಡ್ಡಗಳ ಮೇಲೆ ಕೊಲೆಗಾರನ ಜೊತೆಗೆ ರಾತ್ರಿಯಿಡೀ ನಡೆದ ಕುಳ್ಳ ಗುರುವಿನ ಕಥೆಯನ್ನು ಅವರಿಗೆ ಹೇಳಿ.